ಗುಂಡನಿಗೆ ಇನ್ಶೂರೆನ್ಸ್ ಮಾಡಿಸಲಾ, ಆರ್‌ಡಿ ಕಟ್ಟಲಾ?

ಬೋಗಾದಿ_ಗುಂಡನಮ್ಮ
ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿದವರು, ಇನ್ಶೂರೆನ್ಸ್ ಬಗ್ಗೆ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ. ನಮ್ಮ ಮನೆಯಲ್ಲಿ ಗುಂಡ ಅಂತ ಒಬ್ಬ ಲ್ಯಾಬ್ರಡಾರ್ ಇದ್ದಾನೆ. ಐದೂವರೆ ವರ್ಷ, 36 ಕೆಜಿ, ಕಣ್ಣಿಗೆ ಬಿದ್ದಿದ್ದನ್ನೆಲ್ಲ ತಿನ್ನುವ ಆಸಾಮಿ. ಹೋದ ತಿಂಗಳು ಲಿಂಗಾಂಬುಧಿ ಕೆರೆ ಕಡೆ ವಾಕಿಂಗ್ ಹೋಗಿದ್ದಾಗ ಯಾರೋ ತಿಂದು ಬಿಸಾಡಿದ್ದ ಜೋಳದ ದಿಂಡು ಸಿಕ್ಕಿತು. ನಾನು ಬಾಯಿಗೆ ಕೈ ಹಾಕುವಷ್ಟರಲ್ಲಿ ಗುಳುಂ. ಎರಡು ದಿನ ವಾಂತಿ, ಮೂರನೇ ದಿನ ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎಕ್ಸ್‌ರೇ, ಸ್ಕ್ಯಾನಿಂಗ್ ಆದ ಮೇಲೆ ಕರುಳಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಾಗಿ ಅವತ್ತು ರಾತ್ರಿಯೇ ಆಪರೇಷನ್. ಡ್ರಿಪ್ಪು, ರಕ್ತ ಪರೀಕ್ಷೆ, ನಾಲ್ಕು ದಿನ ಒಳಗೆ ಇಟ್ಟುಕೊಂಡಿದ್ದು ಎಲ್ಲ ಸೇರಿ 41,000 ಆಯಿತು. ಜೋಳ ತಿಂದವರು ಯಾರೋ, ಬಿಲ್ ಕಟ್ಟಿದವರು ನಾವು.

ನಮ್ಮ ಕಾರಿನ ಪಾಲಿಸಿ ಮಾಡಿಸಿಕೊಡುವ ಏಜೆಂಟ್‌ಗೆ ಮಾತಿಗೆ ಈ ಕಥೆ ಹೇಳಿದೆ. ಅವರು "ಮೇಡಂ, ನಾಯಿಗೂ ಪಾಲಿಸಿ ಇದೆ, ವರ್ಷಕ್ಕೆ ಆರು ಸಾವಿರದ ಆಸುಪಾಸು, ಎಲ್ಲಾ ಕವರ್ ಆಗುತ್ತೆ" ಅಂದರು. ನಮ್ಮ ಯಜಮಾನರು "ಆ ದುಡ್ಡನ್ನ ಪೋಸ್ಟಾಫೀಸಿನಲ್ಲಿ ತಿಂಗಳು ತಿಂಗಳು ಆರ್‌ಡಿ ಕಟ್ಟು, ಕನಿಷ್ಠ ವಾಪಸ್ ಬರುತ್ತೆ" ಅಂತಾರೆ. ಮೂರು ದಿನದಿಂದ ಮನೆಯಲ್ಲಿ ಇದೇ ಜಗಳ. ಎಲ್ಲಾ ಕವರ್ ಆಗುತ್ತೆ ಅನ್ನೋದು ನಿಜವಾ? ಈಗ ಆಗಿರುವ ಆಪರೇಷನ್ ಮುಂದೆ ತೊಂದರೆ ಕೊಡುತ್ತದಾ?

ಸೆಟ್‌ದೋಸೆ_ಸಾಗು
ಮೊದಲು ಗುಂಡ ಹೇಗಿದ್ದಾನೆ ಅಂತ ಹೇಳಿ. ಇನ್ಶೂರೆನ್ಸ್ ಆಮೇಲೆ.

ಬೋಗಾದಿ_ಗುಂಡನಮ್ಮ
ಚೆನ್ನಾಗಿದ್ದಾನೆ. ಹೊಲಿಗೆ ಬಿಚ್ಚಿಸಿ ಆಯಿತು. ನಿನ್ನೆ ನನ್ನ ಚಪ್ಪಲಿ ತಿನ್ನೋಕೆ ನೋಡಿದ, ಅಂದರೆ ಪೂರ್ತಿ ವಾಸಿಯಾಗಿದ್ದಾನೆ.

ವಿಜಯನಗರ_ಥರ್ಡ್‌ಸ್ಟೇಜ್
ನನ್ನ ಹತ್ತಿರ ಪಾಲಿಸಿ ಇದೆ, ಮೂರನೇ ವರ್ಷ ಕಟ್ಟುತ್ತಿದ್ದೇನೆ, ಬೀಗಲ್ ನಾಯಿಗೆ. "ಎಲ್ಲಾ ಕವರ್" ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಈ ಪಾಲಿಸಿ ಒಂದು ಥರ ಹೋಟೆಲ್ ಊಟ ಇದ್ದ ಹಾಗೆ. ಅನ್ನ ಸಾರು ಇಷ್ಟಕ್ಕೆ, ಪಲ್ಯ ಬೇಕಾದರೆ ಬೇರೆ ದುಡ್ಡು, ಮೊಸರಿಗೆ ಬೇರೆ ದುಡ್ಡು. ನಮ್ಮದರಲ್ಲಿ ಅನ್ನ ಸಾರು ಅಂದರೆ ಆಪರೇಷನ್ ಮತ್ತು ಆಸ್ಪತ್ರೆಯಲ್ಲಿ ಇಟ್ಟುಕೊಂಡರೆ ಆಗುವ ಖರ್ಚು. ಅಡ್ಮಿಟ್ ಆಗದೆ ತೋರಿಸಿಕೊಂಡು ಬರೋದಕ್ಕೆ, ಅಂದರೆ ಓಪಿಡಿಗೆ, ಬೇರೆ ಪ್ರೀಮಿಯಂ. ನಾಯಿ ಸತ್ತರೆ ಹಣ ಬರೋದಕ್ಕೆ ಬೇರೆ. ಕಳೆದುಹೋದರೆ, ಕಳುವಾದರೆ ಬೇರೆ. ಯಾರಿಗಾದರೂ ಕಚ್ಚಿದರೆ ಅದಕ್ಕೂ ಬೇರೆ.

ಇಲ್ಲಿಯವರೆಗೆ ಎರಡು ಕ್ಲೈಮ್ ಹಾಕಿದ್ದೇನೆ. ಮೊದಲನೆಯದು ಕಾಲಿನ ಮೂಳೆ ಮುರಿದಿದ್ದು, ಅದು ಬಂತು. ಪೂರ್ತಿ ಅಲ್ಲ, ಇಷ್ಟು ಪರ್ಸೆಂಟ್ ನೀವೇ ಹಾಕಬೇಕು ಅಂತ ಮೊದಲೇ ಬರೆದಿತ್ತು, ಅದನ್ನ ಹಿಡಿದುಕೊಂಡು ಉಳಿದದ್ದು ಕೊಟ್ಟರು. ಎರಡನೆಯದು ಟಿಕ್ ಫೀವರ್. ಉಣ್ಣೆ ಕಚ್ಚಿ ಬರೋದು ಗೊತ್ತಲ್ಲ. ರಕ್ತ ಪರೀಕ್ಷೆ, 28 ದಿನ ಮಾತ್ರೆ, ಮಧ್ಯೆ ಎರಡು ಸಲ ಮತ್ತೆ ರಕ್ತ ಪರೀಕ್ಷೆ, ಒಟ್ಟು 9,000 ದಾಟಿತು. ಒಂದು ರೂಪಾಯಿಯೂ ಬರಲಿಲ್ಲ. ಯಾಕೆ ಅಂದರೆ ನಾಯಿ ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಮಲಗಲಿಲ್ಲ! ನಾನು ಓಪಿಡಿ ಸೇರಿಸಿರಲಿಲ್ಲ. ತಪ್ಪು ನನ್ನದೇ, ಆದರೂ ಹೊಟ್ಟೆ ಉರಿಯಿತು.

ಕಬ್ಬಿನಹಾಲು
ನಮ್ಮ ಊರಲ್ಲಿ ಮನುಷ್ಯರಿಗೇ ಹೆಲ್ತ್ ಇನ್ಶೂರೆನ್ಸ್ ಇಲ್ಲ. ನಾಯಿಗೆ ಅಂತೆ. ಮೈಸೂರಿನವರು ಬಿಡಿ ಸ್ವಾಮಿ.

ವಿಜಯನಗರ_ಥರ್ಡ್‌ಸ್ಟೇಜ್
@ಕಬ್ಬಿನಹಾಲು ನಿಮ್ಮ ಸ್ಕೂಟರಿಗೆ ಇದೆಯಾ?

ಕಬ್ಬಿನಹಾಲು
ಅದು ಪೊಲೀಸರ ಭಯಕ್ಕೆ.

ನಿವೃತ್ತ_ಗುಮಾಸ್ತ
ಮೂವತ್ತು ವರ್ಷ ಇನ್ಶೂರೆನ್ಸ್ ಆಫೀಸಿನಲ್ಲಿ ಕಡತ ತಿರುವಿದವನು ನಾನು, ಹಾಗಾಗಿ ಎರಡು ಮಾತು. ಇದೇನೋ ಹೊಸದು ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ. ಸರ್ಕಾರಿ ಕಂಪನಿಗಳಲ್ಲಿ ಹಸು, ಕುರಿ, ಕೋಳಿಗಳ ಸಾಲಿನಲ್ಲೇ ನಾಯಿಗೂ ಪಾಲಿಸಿ ಹಿಂದಿನಿಂದ ಇತ್ತು. ಆದರೆ ಆ ಹಳೆಯ ಪಾಲಿಸಿಗಳು ಮುಖ್ಯವಾಗಿ ನಾಯಿ ಸತ್ತರೆ ಅದರ ಬೆಲೆ ಕೊಡುವಂಥವು. ಡಾಕ್ಟರ್ ಖರ್ಚು ಕೊಡುವ ಥರದ್ದು ಜನರ ಬಾಯಿಗೆ ಬಂದಿದ್ದು 2020ರಲ್ಲಿ ಬಜಾಜ್ ಅಲಿಯಾನ್ಸ್ ನಾಯಿ ಪಾಲಿಸಿ ತಂದ ಮೇಲೆ. ಆಮೇಲೆ ಬೇರೆಯವರೂ ಬಂದರು.

ತಂಗಿ, ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಸುಮ್ನೆ ಉದಾಹರಣೆಗೆ, ಪಾಲಿಸಿ 50,000ಕ್ಕೆ ಇದೆ, ನಿಮ್ಮ ಪಾಲು 20 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 41,000ದ ಬಿಲ್ಲಿಗೆ ನೀವು 8,200 ಹಾಕಬೇಕು, ಅವರು 32,800 ಕೊಡುತ್ತಾರೆ. ಆರು ಸಾವಿರ ಕಟ್ಟಿ ಮೂವತ್ತೆರಡು ಸಾವಿರ ಬಂದರೆ ಲಾಭ ಅಲ್ವಾ? ಲಾಭವೇ. ಆದರೆ ಜೋಳದ ದಿಂಡು ಐದೂವರೆ ವರ್ಷಕ್ಕೆ ಒಂದು ಸಲ ಬಂತು. ಮೊದಲಿಂದ ಕಟ್ಟಿದ್ದರೆ ಈ ಹೊತ್ತಿಗೆ 33,000 ಹೋಗಿರುತ್ತಿತ್ತು. ಅಲ್ಲಿಗೆ ಸರಿಹೋಯಿತು.

ಹಾಗಂತ ವಿಮೆ ದಂಡ ಅಂತ ನಾನು ಹೇಳಲ್ಲ. ವಿಮೆಯಲ್ಲಿ ಲಾಭ ಹುಡುಕಬಾರದು. ನಿಮಗೆ ಒಂದೇ ರಾತ್ರಿ 41,000 ಹೊಂದಿಸೋದು ಕಷ್ಟವಾ, ಇಲ್ಲವಾ? ಅದನ್ನ ಮೊದಲು ಕೇಳಿಕೊಳ್ಳಿ. ಕಷ್ಟ ಅಂದರೆ ಪಾಲಿಸಿ. ಹೇಗೋ ಆಗುತ್ತೆ ಅಂದರೆ ನಿಮ್ಮ ಯಜಮಾನರು ಹೇಳಿದ್ದು ಸರಿ.

ಇನ್ನೊಂದು. ಇದು ನಿಮ್ಮ ಮನೆಯವರ ಆರೋಗ್ಯ ವಿಮೆಯ ಥರ ಅಲ್ಲ. ಆರೋಗ್ಯ ವಿಮೆಗೆ ಇರುವ ತೆರಿಗೆ ವಿನಾಯಿತಿ ಇದಕ್ಕೂ ಸಿಗುತ್ತೆ ಅಂತ ಏಜೆಂಟ್ ಹೇಳಿದರೆ ನಗಬೇಡಿ, ಆದರೆ ನಂಬಲೂಬೇಡಿ. ಅದು ಹೆಂಡತಿ ಮಕ್ಕಳು ಅಪ್ಪ ಅಮ್ಮನಿಗೆ. ಗುಂಡ ಎಷ್ಟೇ ಮಗ ಇದ್ದ ಹಾಗೆ ಅಂದರೂ ಇನ್‌ಕಮ್ ಟ್ಯಾಕ್ಸ್‌ನವರು ಒಪ್ಪುವುದಿಲ್ಲ.

ಬೆಕ್ಕಿನಮನೆ_ಸರಸ್ವತಿಪುರಂ
ಬೆಕ್ಕಿಗೆ ಸಿಗುತ್ತಾ?

ವಿಜಯನಗರ_ಥರ್ಡ್‌ಸ್ಟೇಜ್
ಸಿಗುತ್ತೆ, ನಾಯಿಯಷ್ಟು ಆಯ್ಕೆ ಇಲ್ಲ.

ಪಾಂಡವಪುರದ_ಹೈದ
ಹಸು ಸಾಕಿದವನ ಅನುಭವ ಕೇಳಿ, ನಾಯಿಗೂ ಉಪಯೋಗಕ್ಕೆ ಬರುತ್ತೆ. ನಮ್ಮದು ಮೂರು ಸೀಮೆಹಸು, ಡೈರಿಗೆ ಹಾಲು ಹಾಕುತ್ತೇವೆ. ವಿಮೆ ಮಾಡಿಸಿದ್ದೆ. ಕಿವಿಗೆ ಹಳದಿ ಓಲೆ ಹಾಕುತ್ತಾರಲ್ಲ, ಹನ್ನೆರಡು ಅಂಕಿಯದ್ದು, ಅದೇ ಹಸುವಿನ ಗುರುತು. ಹೋದ ವರ್ಷ ಒಂದು ಹಸು ಹೊಟ್ಟೆ ಉಬ್ಬರಿಸಿ ರಾತ್ರೋರಾತ್ರಿ ಸತ್ತುಹೋಯಿತು. ಡಾಕ್ಟ್ರು ಬಂದು ಪೋಸ್ಟ್‌ಮಾರ್ಟಂ ಮಾಡಿದರು, ಫೋಟೋ ತೆಗೆದೆ, ಕಾಗದ ಎಲ್ಲ ಸರಿ. ಆದರೆ ಎರಡು ತಿಂಗಳ ಹಿಂದೆ ಬೇಲಿಗೆ ಸಿಕ್ಕಿ ಆ ಓಲೆ ಕಿತ್ತುಹೋಗಿತ್ತು. ನಾಳೆ ಹಾಕಿಸೋಣ, ನಾಡಿದ್ದು ಹಾಕಿಸೋಣ ಅಂತ ಕಬ್ಬು ಕಟಾವಿನ ಗಲಾಟೆಯಲ್ಲಿ ಬಿಟ್ಟೆ. ಓಲೆ ಇಲ್ಲ ಅಂದರೆ ಕ್ಲೈಮ್ ಇಲ್ಲ. ಅಷ್ಟೇ. ನಮ್ಮವ್ವ ಆ ಹಸುವಿಗಿಂತ ಆ ಓಲೆಗೆ ಜಾಸ್ತಿ ಅತ್ತಳು.

ಅದಕ್ಕೇ ಹೇಳೋದು, ನಾಯಿಗೆ ಮಾಡಿಸುವವರು ಗುರುತಿನ ವಿಷಯ ಮೊದಲು ಕೇಳಿಕೊಳ್ಳಿ. ಇದೇ ನಾಯಿ ಅಂತ ಹೇಗೆ ತೋರಿಸ್ತೀರಿ? ಕಪ್ಪು ಲ್ಯಾಬ್ರಡಾರ್ ಎಲ್ಲ ಒಂದೇ ಥರ ಇರುತ್ತೆ.

ನಿವೃತ್ತ_ಗುಮಾಸ್ತ
@ಪಾಂಡವಪುರದ_ಹೈದ ಬಹಳ ಸರಿಯಾಗಿ ಹೇಳಿದಿರಿ ಗೌಡ್ರೆ. ನಾಯಿಗೆ ಓಲೆ ಬದಲು ಮೈಕ್ರೋಚಿಪ್. ಅಕ್ಕಿ ಕಾಳಿನಷ್ಟು ದೊಡ್ಡದು, ಹೆಗಲ ಹತ್ತಿರ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಅದರಲ್ಲಿ ನಂಬರ್ ಮಾತ್ರ ಇರುತ್ತೆ, ಕಳೆದುಹೋದರೆ ಮೊಬೈಲಿನಲ್ಲಿ ಎಲ್ಲಿದೆ ಅಂತ ಕಾಣಿಸೋದಿಲ್ಲ, ಆದರೆ ಕಾಣಿಸುತ್ತೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಚಿಪ್ ಇಲ್ಲದಿದ್ದರೆ ಫೋಟೋ, ಬಣ್ಣ, ಮಚ್ಚೆ ಎಲ್ಲ ಬರೆಸಿಕೊಳ್ಳುವವರೂ ಇದ್ದಾರೆ.

ಇನ್ನು ಹಸುವಿನದು ಬೇರೆ ಲೆಕ್ಕ, ಎರಡನ್ನೂ ಕಲಸಬೇಡಿ. ಹಸುವಿನ ವಿಮೆ ಹಸು ಸತ್ತಾಗ ಅದರ ಬೆಲೆಗೆ. ಡಾಕ್ಟರ್ ಖರ್ಚಿಗೆ ಅಲ್ಲ. ಜೊತೆಗೆ ಅದಕ್ಕೆ ಸರ್ಕಾರದ ಸಹಾಯ ಇದೆ. 2024ರಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ರೈತರು ಕಟ್ಟುವ ಪಾಲನ್ನು ಪ್ರೀಮಿಯಂನ 15 ಪರ್ಸೆಂಟ್‌ಗೆ ಇಳಿಸಿದರು, ಉಳಿದದ್ದು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಗುಂಡನಿಗೆ ಅಂಥ ಭಾಗ್ಯ ಇಲ್ಲ.

ಕಬ್ಬಿನಹಾಲು
ಗುಂಡ ದಿನಕ್ಕೆ ಎಷ್ಟು ಲೀಟರ್ ಕೊಡ್ತಾನೆ ಕೇಳಿ, ಸರ್ಕಾರಕ್ಕೆ ಬರೆಯೋಣ.

ಬೋಗಾದಿ_ಗುಂಡನಮ್ಮ
😂 ಜೊಲ್ಲು ಎರಡು ಲೀಟರ್ ಕೊಡ್ತಾನೆ.

ಅರಮನೆ_ಪಾರಿವಾಳ
ನಮ್ಮ ದಸರಾ ಆನೆಗಳಿಗೂ ವಿಮೆ ಇದೆ ಗೊತ್ತಾ? ಕಾಡಿನಿಂದ ಬಂದ ಮೇಲೆ ಪ್ರತಿ ವರ್ಷ ಅರಣ್ಯ ಇಲಾಖೆಯವರು ಮಾಡಿಸುತ್ತಾರೆ. ಆನೆಗೆ, ಮಾವುತರಿಗೆ, ಕಾವಾಡಿಗಳಿಗೆ. ಅದರಲ್ಲಿ ಸೂಕ್ಷ್ಮ ಏನು ಅಂದರೆ, ಆನೆಯಿಂದ ಜನರಿಗೋ ಆಸ್ತಿಗೋ ಏನಾದರೂ ಆದರೆ ಅದಕ್ಕೂ ಸೇರಿಸಿ ಮಾಡಿಸುತ್ತಾರೆ. ಅಂದರೆ ಆನೆಗೆ ಏನಾಗುತ್ತೋ ಅನ್ನುವ ಭಯದ ಜೊತೆಗೆ ಆನೆ ಏನು ಮಾಡುತ್ತೋ ಅನ್ನುವ ಭಯ. ಲ್ಯಾಬ್ರಡಾರ್‌ಗೂ ಅದೇ ನೋಡಿ.

ಸೆಟ್‌ದೋಸೆ_ಸಾಗು
ಅಭಿಮನ್ಯುವಿಗೂ ಗುಂಡನಿಗೂ ಹೋಲಿಕೆ! 750 ಕೆಜಿ ಅಂಬಾರಿ ಹೊತ್ತವನು ಎಲ್ಲಿ, ದಿಂಡು ನುಂಗುವವನು ಎಲ್ಲಿ.

ಜಯನಗರ_ಲಾಯರ್ರು
ಪಾರಿವಾಳದವರು ತಮಾಷೆಗೆ ಹೇಳಿದರೂ ವಿಷಯ ಗಂಭೀರ. ನನ್ನ ಪ್ರಕಾರ ನಾಯಿ ಪಾಲಿಸಿಯಲ್ಲಿ ನಿಜವಾಗಿ ಬೇಕಾಗಿರುವುದು ಈ ಮೂರನೆಯವರ ಹೊಣೆಗಾರಿಕೆ ಭಾಗ, ಅಂದರೆ ನಾಯಿಯಿಂದ ಹೊರಗಿನವರಿಗೆ ಆದ ನಷ್ಟಕ್ಕೆ ಕೊಡುವುದು. ಆಪರೇಷನ್ ಖರ್ಚಿಗೆ ಒಂದು ಮಿತಿ ಇರುತ್ತೆ, ನಲವತ್ತೋ ಐವತ್ತೋ ಸಾವಿರ. ನಿಮ್ಮ ನಾಯಿ ಗೇಟು ಹಾರಿ ಹೋಗಿ ಬೈಕಿಗೆ ಅಡ್ಡ ಬಂದು, ಓಡಿಸುತ್ತಿದ್ದವನು ಬಿದ್ದು ಕಾಲು ಮುರಿದುಕೊಂಡರೆ? ಆ ಪರಿಹಾರಕ್ಕೆ ಮಿತಿ ಎಲ್ಲಿ?

ಕ್ರಿಮಿನಲ್ ಕೇಸ್ ಬೇರೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ, ಹಳೆಯ ಐಪಿಸಿಯಲ್ಲಿ 289. ಸಾಕಿದ ಪ್ರಾಣಿಯನ್ನು ಹುಷಾರಾಗಿ ನೋಡಿಕೊಳ್ಳದೆ ಜನರಿಗೆ ಅಪಾಯ ಮಾಡಿದರೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ದಂಡವನ್ನು ಇನ್ಶೂರೆನ್ಸ್ ಕಟ್ಟುತ್ತೆ ಅಂದುಕೊಳ್ಳಬೇಡಿ. ಮನೆಯವರಿಗೇ ಕಚ್ಚಿದರೂ ಅದು ಮೂರನೆಯವರು ಅನ್ನಿಸಿಕೊಳ್ಳೋದಿಲ್ಲ. ಹೊರಗಿನವರಿಗೆ ಆದರೆ ಮಾತ್ರ ಆ ಭಾಗ ಕೆಲಸಕ್ಕೆ ಬರುತ್ತೆ.

ಹತ್ತನೇಕ್ರಾಸ್_ಅಜ್ಜಿ
ಯಾರಿಗೇ ಕಚ್ಚಲಿ, ಮೊದಲು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಆಮೇಲೆ ನೇರ ಆಸ್ಪತ್ರೆ. ನಮ್ಮ ಮನೆ ನಾಯಿಗೆ ಇಂಜೆಕ್ಷನ್ ಆಗಿದೆ, ಏನೂ ಆಗಲ್ಲ ಅಂತ ಸುಮ್ಮನೆ ಕೂರಬೇಡಿ.

ಕೆಸರೆ_ಕಿಟ್ಟ
ಸಾಕಿದ ನಾಯಿ ಬಿಡಿ. ನಮ್ಮ ಬೀದಿಯಲ್ಲಿ ಹದಿನಾಲ್ಕು ಬೀದಿನಾಯಿ ಇವೆ, ಅವು ಕಚ್ಚಿದರೆ ಯಾವ ಪಾಲಿಸಿ? ಪಾಲಿಕೆಯವರು ಏನು ಮಾಡ್ತಿದ್ದಾರೆ? ಅನ್ನ ಹಾಕುವವರೇ ತಗೊಂಡು ಹೋಗಿ ಮನೆಯಲ್ಲಿ ಸಾಕಲಿ.

ಇಂಡಿ_ಅಮ್ಮ
@ಕೆಸರೆ_ಕಿಟ್ಟ ಶುರುವಾಯಿತು ನಿಮ್ಮದು. ನಾನು ಅನ್ನ ಹಾಕುವವಳೇ. ಹೋದ ವರ್ಷ ನಮ್ಮ ಬೀದಿಯ ಆರು ನಾಯಿಗೆ ಸ್ವಂತ ಖರ್ಚಲ್ಲಿ ಸಂತಾನಹರಣ ಮಾಡಿಸಿ ರೇಬಿಸ್ ಲಸಿಕೆ ಹಾಕಿಸಿದ್ದೇನೆ. ನೀವು ಏನು ಮಾಡಿದ್ದೀರಿ?

ಕೆಸರೆ_ಕಿಟ್ಟ
ಕಚ್ಚಿಸಿಕೊಂಡಿದ್ದೇನೆ.

ನಿರ್ವಾಹಕ
ಬೀದಿನಾಯಿ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಗುಂಡನ ವಿಷಯ ಮಾತ್ರ.

ಇಂಡಿ_ಅಮ್ಮ
ಸರಿ, ವಿಷಯಕ್ಕೇ ಬರುತ್ತೇನೆ. ನಮ್ಮ ಮನೆಯಲ್ಲಿ ಇರುವ ಎರಡೂ ಬೀದಿಯಿಂದ ತಂದವು. ಒಂದಕ್ಕೆ ಪಾಲಿಸಿ ಮಾಡಿಸೋಣ ಅಂತ ಫಾರ್ಮ್ ತೆಗೆದುಕೊಂಡರೆ ತಳಿ ಯಾವುದು ಅಂತ ಒಂದು ಕಾಲಂ, ಮಾರುಕಟ್ಟೆ ಬೆಲೆ ಎಷ್ಟು ಅಂತ ಇನ್ನೊಂದು ಕಾಲಂ. ಮಳೆಯಲ್ಲಿ ಚರಂಡಿ ಪಕ್ಕ ಸಿಕ್ಕಿದ ಮರಿ. ಬೆಲೆ ಏನು ಬರೆಯಲಿ? ಸೊನ್ನೆ ಬರೆದರೆ ಸತ್ತಾಗ ಸೊನ್ನೆಯೇ ಬರುತ್ತೆ. ಸತ್ತಾಗ ನನಗೆ ದುಡ್ಡು ಬೇಡ, ಬದುಕಿದ್ದಾಗ ಚಿಕಿತ್ಸೆಗೆ ಕೊಡಿ ಅಂದರೆ, ಆ ಏಜೆಂಟ್ ನನ್ನ ಮುಖವನ್ನೇ ನೋಡಿದ. ಆಮೇಲೆ ಬೇರೆ ಕಡೆ ವಿಚಾರಿಸಿದೆ. ದೇಸಿ ನಾಯಿ, ಮಿಶ್ರ ತಳಿಯನ್ನೂ ಸೇರಿಸಿಕೊಳ್ಳುವ ಪಾಲಿಸಿಗಳಿವೆ, ಪ್ರೀಮಿಯಂ ಕೂಡ ಲ್ಯಾಬ್ರಡಾರ್‌ಗಿಂತ ಕಮ್ಮಿ ಹೇಳಿದರು. ಕೊನೆಗೆ ನಾನು ಮಾಡಿಸಲಿಲ್ಲ. ಇವಕ್ಕೆ ಕಾಯಿಲೆ ಬರೋದು ಕಮ್ಮಿ, ಬಂದರೆ ಗಾಡಿ ಗುದ್ದೋದು ಒಂದೇ.

ಪಶುವೈದ್ಯೆ_ಮೈಸೂರು
ಈ ಎಳೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ, ಕ್ಲಿನಿಕ್‌ನಲ್ಲಿ ಬಿಡುವು ಸಿಗಲಿಲ್ಲ. ನಾನು ಯಾವ ಕಂಪನಿಯ ಪರವೂ ಅಲ್ಲ. ನಮ್ಮ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಕ್ಲೈಮ್ ಬಿದ್ದುಹೋಗುವುದು ಹೆಚ್ಚಾಗಿ ಕಾಯಿಲೆಯಿಂದ ಅಲ್ಲ, ಕಾಗದದಿಂದ. ಒಂದು, ಲಸಿಕೆ ಪುಸ್ತಕ. ಮರಿಗೆ ಆರರಿಂದ ಎಂಟು ವಾರಕ್ಕೆ ಶುರು ಮಾಡಿ ಪಾರ್ವೊ, ಡಿಸ್ಟೆಂಪರ್ ಇತ್ಯಾದಿಗೆ ಲಸಿಕೆ, ಮೂರು ತಿಂಗಳಿಗೆ ರೇಬಿಸ್, ಆಮೇಲೆ ವರ್ಷ ವರ್ಷ. ಒಂದು ವರ್ಷ ತಪ್ಪಿಸಿ, ಅದೇ ಕಾಯಿಲೆ ಬಂದರೆ ಕಂಪನಿ ಕೊಡೋದಿಲ್ಲ. ಹಾಗಂತ ಲಸಿಕೆಯ ಖರ್ಚು, ಜಂತುಹುಳದ ಮಾತ್ರೆ, ಉಣ್ಣೆಯ ಔಷಧಿ ಇವನ್ನು ಪಾಲಿಸಿ ಸಾಮಾನ್ಯವಾಗಿ ಕೊಡುವುದೂ ಇಲ್ಲ. ಅವೆಲ್ಲ ನಿಮ್ಮ ಜೇಬಿನಿಂದಲೇ.

ಎರಡು, ಇದು ಯಾರೂ ಹೇಳುವುದಿಲ್ಲ. ಡಾಕ್ಟರ್ ಕೇಸ್ ಶೀಟಿನಲ್ಲಿ ಏನು ಬರೆಯುತ್ತಾರೆ ಅನ್ನೋದನ್ನ ಕಂಪನಿಯವರು ಅಕ್ಷರ ಅಕ್ಷರ ಓದುತ್ತಾರೆ. ನೀವು ಬಂದು ಗಾಬರಿಯಲ್ಲಿ "ಆರು ತಿಂಗಳಿಂದ ಹೀಗೇ ಕುಂಟುತ್ತಾನೆ ಡಾಕ್ಟ್ರೆ" ಅಂತೀರಿ. ನಿಜವಾಗಿ ಎರಡು ಸಲ ಆಡಿ ಬಂದ ಮೇಲೆ ಕುಂಟಿರುತ್ತಾನೆ ಅಷ್ಟೇ. ನಾನು ಆರು ತಿಂಗಳು ಅಂತ ಬರೆದೆ ಅಂದುಕೊಳ್ಳಿ. ಪಾಲಿಸಿ ತೆಗೆದುಕೊಂಡು ನಾಲ್ಕು ತಿಂಗಳಾಗಿದ್ದರೆ ಅದು ಮೊದಲೇ ಇದ್ದ ಕಾಯಿಲೆ. ಮುಗಿಯಿತು. ಸುಳ್ಳು ಹೇಳಿ ಅಂತ ಅಲ್ಲ, ನಾನು ಸುಳ್ಳು ಬರೆದುಕೊಡುವವಳೂ ಅಲ್ಲ. ನೆನಪು ಮಾಡಿಕೊಂಡು ಸರಿಯಾದ ದಿನ ಹೇಳಿ ಅಂತ.

ಗುಂಡನ ವಿಷಯಕ್ಕೆ ಬಂದರೆ, ಕರುಳಿನ ಆಪರೇಷನ್ ಆಗಿದೆ ಅಂತ ಫಾರ್ಮಿನಲ್ಲಿ ಬರೆಯಲೇಬೇಕು. ಮುಚ್ಚಿಟ್ಟರೆ ಮುಂದೆ ಬೇರೆ ಯಾವುದೋ ಕ್ಲೈಮ್‌ಗೂ ಅದನ್ನೇ ಹಿಡಿದು ಇಲ್ಲ ಅನ್ನಬಹುದು. ಬರೆದರೆ ಆ ಭಾಗಕ್ಕೆ ಸಂಬಂಧಪಟ್ಟದ್ದನ್ನು ಹೊರಗಿಡಬಹುದು. ಲ್ಯಾಬ್ರಡಾರ್ ಆದ್ದರಿಂದ ಸೊಂಟದ ಕೀಲಿನ ತೊಂದರೆ ಬಗ್ಗೆಯೂ ಕೇಳಿ. ಹಿಪ್ ಡಿಸ್‌ಪ್ಲೇಸಿಯಾ ಅಂತೀವಿ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಥರದ ದೊಡ್ಡ ತಳಿಗಳಲ್ಲಿ ವಂಶದಿಂದ ಬರುವುದು ಜಾಸ್ತಿ. ವಂಶದಿಂದ ಬರುವುದನ್ನು ಹೊರಗಿಟ್ಟಿದ್ದರೆ, ವಯಸ್ಸಾದ ಮೇಲೆ ಅವನಿಗೆ ಬರುವ ದೊಡ್ಡ ಖರ್ಚೇ ಹೊರಗೆ ಹೋದ ಹಾಗೆ.

ಅಂದ ಹಾಗೆ, ಈ ನುಂಗುವ ಕೇಸುಗಳಿಗೆ ಒಂದು ಕ್ಯಾಲೆಂಡರೇ ಇದೆ. ಬೇಸಿಗೆಯಲ್ಲಿ ಮಾವಿನ ಗೊರಟೆ. ಮಳೆಗಾಲದಲ್ಲಿ ಜೋಳದ ದಿಂಡು. ಯುಗಾದಿ ಮುಗಿದು ಹೊಸತೊಡಕಿನ ಮಾರನೇ ದಿನ ಬೆಳಗ್ಗೆ ಎಂಟಕ್ಕೇ ನಮ್ಮ ಬಾಗಿಲಲ್ಲಿ ಕ್ಯೂ, ಎಲ್ಲ ಮಟನ್ ಮೂಳೆ ಗಿರಾಕಿಗಳು.

ಕಬ್ಬಿನಹಾಲು
ಹೊಸತೊಡಕು ದಿನ ನಾಯಿಗೆ ಮೂಳೆ ಹಾಕದೆ ಇರೋಕಾಗುತ್ತಾ ಡಾಕ್ಟ್ರೆ? ಪಾಪ ಬರುತ್ತೆ.

ಪಶುವೈದ್ಯೆ_ಮೈಸೂರು
ಮೂಳೆ ಬೇಡ, ಖಾರ ಹಾಕದ ಒಂದು ಚೂರು ಬೇಯಿಸಿದ ಮಾಂಸ ಹಾಕಿ. ಪಾಪ ಬರಲ್ಲ.

ಮದ್ದೂರುವಡೆ
ಮಂಡ್ಯ ಕಡೆಯವರಿಗೆ ಒಂದು ಮಾತು. ಪಾಲಿಸಿ ತೆಗೆದುಕೊಂಡು ಏನು ಮಾಡ್ತೀರಿ, ಆಪರೇಷನ್ ಮಾಡುವ ಜಾಗ ಹತ್ತಿರ ಇರಬೇಕಲ್ಲ? ನಮ್ಮ ಭಾವನ ನಾಯಿಗೆ ಸೊಂಟದ ಮೂಳೆ ಮುರಿದಿತ್ತು. ಇಲ್ಲಿ ತೋರಿಸಿದಾಗ "ಹೆಬ್ಬಾಳಕ್ಕೆ ಕರೆದುಕೊಂಡು ಹೋಗಿ" ಅಂದರು. ನಮ್ಮ ಭಾವ ಸೀದಾ ಕಾರು ತೆಗೆದುಕೊಂಡು ಮೈಸೂರಿನ ಹೆಬ್ಬಾಳಕ್ಕೆ ಹೋಗಿ ಇಂಡಸ್ಟ್ರಿಯಲ್ ಏರಿಯಾದಲ್ಲೆಲ್ಲ ಸುತ್ತಿ, ಕಂಡ ಕಂಡ ವಾಚ್‌ಮನ್‌ಗಳನ್ನ "ನಾಯಿ ಆಸ್ಪತ್ರೆ ಎಲ್ಲಿ" ಅಂತ ಕೇಳಿದ್ದಾರೆ. ಡಾಕ್ಟ್ರು ಹೇಳಿದ್ದು ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜು! ಮತ್ತೆ ಮದ್ದೂರಿನ ಮೇಲೇ ವಾಪಸ್ ಹೋದರು, ನಾವು ವಡೆ ಕಟ್ಟಿ ಕಳಿಸಿದೆವು.

ಸೆಟ್‌ದೋಸೆ_ಸಾಗು
ಆ ಪೆಟ್ರೋಲ್ ಖರ್ಚಿಗೆ ಯಾವ ಪಾಲಿಸಿಯಲ್ಲೂ ಕ್ಲೈಮ್ ಇಲ್ಲ.

ಪಾಂಡವಪುರದ_ಹೈದ
ಹಸು ಕುರಿಗೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಹಳ್ಳಿಗೇ ಬರುತ್ತೆ, ಅದು ತುಂಬ ಅನುಕೂಲ.

ಆರ್‌ಡಿ_ರಂಗಣ್ಣ
ನಾನು ಯಜಮಾನರ ಪಕ್ಷ. ತಿಂಗಳಿಗೆ 500 ಅಂದರೆ ಐದು ವರ್ಷಕ್ಕೆ ಬಡ್ಡಿ ಬಿಟ್ಟೇ 30,000. ಯಾರೂ ಕೇಸ್ ಶೀಟ್ ಓದಲ್ಲ, ಲಸಿಕೆ ಪುಸ್ತಕ ಕೇಳಲ್ಲ, ಮೊದಲೇ ಇದ್ದ ಕಾಯಿಲೆ ಅನ್ನಲ್ಲ. ನಾಯಿ ಆರೋಗ್ಯವಾಗಿದ್ದರೆ ಆ ದುಡ್ಡಲ್ಲಿ ನೀವು ಫ್ರಿಜ್ ತಗೋಬಹುದು.

ವಿಜಯನಗರ_ಥರ್ಡ್‌ಸ್ಟೇಜ್
@ಆರ್‌ಡಿ_ರಂಗಣ್ಣ ಆರನೇ ತಿಂಗಳಿಗೆ ಇನ್ನೊಂದು ದಿಂಡು ನುಂಗಿದರೆ ನಿಮ್ಮ ಆರ್‌ಡಿಯಲ್ಲಿ 3,000 ಇರುತ್ತೆ. ಜೋಳದ ದಿಂಡು ಮೆಚ್ಯೂರಿಟಿ ತನಕ ಕಾಯುತ್ತಾ?

ಆರ್‌ಡಿ_ರಂಗಣ್ಣ
ಪಾಲಿಸಿಯಲ್ಲೂ ಕಾಯಬೇಕಲ್ಲ ಸ್ವಾಮಿ, ಮೊದಲ ಇಷ್ಟು ದಿನ ಏನೂ ಕೊಡಲ್ಲ ಅಂತ ಇರುತ್ತೆ.

ವಿಜಯನಗರ_ಥರ್ಡ್‌ಸ್ಟೇಜ್
ಇರುತ್ತೆ, ಆದರೆ ಅದು ದಿನಗಳ ಲೆಕ್ಕ, ವರ್ಷಗಳ ಲೆಕ್ಕ ಅಲ್ಲ.

ನಿವೃತ್ತ_ಗುಮಾಸ್ತ
ಇಬ್ಬರೂ ವಯಸ್ಸನ್ನ ಮರೆತಿರಿ. ಈ ಪಾಲಿಸಿಗಳಲ್ಲಿ ಎರಡು ವಯಸ್ಸು ಇರುತ್ತವೆ. ಹೊಸದಾಗಿ ಸೇರಲು ಇಷ್ಟು ವರ್ಷದವರೆಗೆ, ಮುಂದುವರಿಸಲು ಇಷ್ಟು ವರ್ಷದವರೆಗೆ. ದೊಡ್ಡ ತಳಿಗೆ ಆ ಗಡಿ ಬೇಗ ಬಂದುಬಿಡುವುದೂ ಉಂಟು. ನಾಯಿಗೆ ಕಾಯಿಲೆ ಶುರುವಾಗೋದು ಎಂಟು ಒಂಬತ್ತರ ಮೇಲೆ, ಸರಿಯಾಗಿ ಆ ಹೊತ್ತಿಗೆ ಪಾಲಿಸಿ ಕೈ ಬಿಟ್ಟರೆ? ಹಾಗಾಗಿ ಗುಂಡನಿಗೆ ಇನ್ನು ಎಷ್ಟು ವರ್ಷ ರಿನ್ಯೂ ಆಗುತ್ತೆ ಅನ್ನುವುದೇ ಮೊದಲ ಪ್ರಶ್ನೆ. ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ ತಂಗಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು.

ಕ್ಲೈಮ್ ಇಲ್ಲ ಅಂದಾಗ ಏನು ಮಾಡಬೇಕು ಅಂತ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ವಿಮಾ ಲೋಕಪಾಲರ ಹತ್ತಿರ ಹೋಗಬಹುದು. ನಮಗೆ ಬೆಂಗಳೂರಿನ ಕಚೇರಿ. ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರೂ ಬೇಡ. ಲಾಯರ್ರು ಬೇಜಾರು ಮಾಡಿಕೊಳ್ಳಬಾರದು.

ಜಯನಗರ_ಲಾಯರ್ರು
ಇಲ್ಲ ಸರ್, ನಾಯಿ ಕೇಸಿಗೆ ಫೀಸು ಕೇಳಿದರೆ ಎಲ್ಲರೂ ಜಗಳ ಆಡುತ್ತಾರೆ, ನೀವೇ ಇಟ್ಟುಕೊಳ್ಳಿ.

ಬೋಗಾದಿ_ಗುಂಡನಮ್ಮ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಏಜೆಂಟ್‌ಗೆ ಮೂರು ಪ್ರಶ್ನೆ ಮೆಸೇಜ್ ಮಾಡಿದೆ. ಎಷ್ಟು ವರ್ಷದವರೆಗೆ ರಿನ್ಯೂ ಆಗುತ್ತೆ, ಕರುಳಿನದು ಹೊರಗಾ ಒಳಗಾ, ಸೊಂಟದ ತೊಂದರೆ ಸೇರುತ್ತಾ. ನಾಲ್ಕು ದಿನ ಎರಡು ನೀಲಿ ಗೆರೆ ಬಂದಿತ್ತು, ಉತ್ತರ ಇಲ್ಲ. ಐದನೇ ದಿನ ಫೋನ್ ಮಾಡಿ "ಮೇಡಂ ಅದೆಲ್ಲ ಯಾಕೆ ಬರೆಯೋದು, ನಾನಿದ್ದೇನಲ್ಲ" ಅಂದರು. ನಾನು ಬರೆದೇ ಕೊಡಿ ಅಂದೆ. ಆಮೇಲೆ ಪಾಲಿಸಿಯ ಪೂರ್ತಿ ಕಾಗದವನ್ನು ಕಳಿಸಿದರು. ರಾತ್ರಿ ಕೂತು ಓದಿದೆವು, ಯಜಮಾನರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ, ನಾನು ಪೆನ್ ಹಿಡಿದುಕೊಂಡು. ವಂಶದಿಂದ ಬರುವುದು ಹೊರಗೆ. ಮೊದಲೇ ಆಗಿದ್ದಕ್ಕೆ ಸಂಬಂಧಪಟ್ಟಿದ್ದು ಹೊರಗೆ. ಗುಂಡನಿಗೆ ಇನ್ನು ರಿನ್ಯೂ ಆಗುವ ವರ್ಷಗಳೂ ಜಾಸ್ತಿ ಉಳಿದಿಲ್ಲ.

ಹಾಗಾಗಿ ಗುಂಡನ ಚಿಕಿತ್ಸೆಗೆ ಪಾಲಿಸಿ ಬೇಡ ಅಂತ ತೀರ್ಮಾನ ಮಾಡಿದೆವು. ಯಜಮಾನರು ಗೆದ್ದರು, ಮೂರು ದಿನದಿಂದ ಮುಖದಲ್ಲಿ ಏನು ಕಳೆ! ತಿಂಗಳಿಗೆ 1,000ದಂತೆ ಆರ್‌ಡಿ ಶುರು ಮಾಡಿದ್ದೇವೆ. ಆದರೆ ನಮ್ಮ ತಂಗಿ ಕುವೆಂಪುನಗರದಲ್ಲಿ ಹೊಸದಾಗಿ ಮೂರು ತಿಂಗಳ ಮರಿ ತಂದಿದ್ದಾಳೆ, ಅವಳಿಗೆ ಪಾಲಿಸಿ ಮಾಡಿಸು ಅಂತ ನಾನೇ ಹೇಳಿದೆ, ಓಪಿಡಿಯೂ ಸೇರಿಸಿ, ಮೂರನೆಯವರ ಹೊಣೆಯೂ ಸೇರಿಸಿ. ಅದಕ್ಕೆ ಇನ್ನೂ ಯಾವ ಕಾಯಿಲೆಯ ಚರಿತ್ರೆಯೂ ಇಲ್ಲವಲ್ಲ.

ವಿಜಯನಗರ_ಥರ್ಡ್‌ಸ್ಟೇಜ್
ಮರಿಗೆ ಚಿಪ್ ಹಾಕಿಸೋಕೆ ಹೇಳಿ.

ಪಾಂಡವಪುರದ_ಹೈದ
ಹಾಕಿಸಿದ ದಿನವೇ ನಂಬರ್ ಬರೆದು ಇಟ್ಟುಕೊಳ್ಳಲಿ, ನಾಳೆ ನಾಡಿದ್ದು ಅನ್ನಬೇಡಿ.

ಇಂಡಿ_ಅಮ್ಮ
ಗುಂಡನ ಫೋಟೋ ಇಲ್ಲದೆ ಈ ಎಳೆ ಮುಗಿಸುವ ಹಾಗಿಲ್ಲ.

ಬೋಗಾದಿ_ಗುಂಡನಮ್ಮ
ಫೋಟೋ ಸಂಜೆ ಹಾಕುತ್ತೇನೆ. ಈಗ ಕೆರೆ ಹತ್ತಿರ ಜೋಳ ಸುಡುವ ಅಣ್ಣನ ಗಾಡಿ ಕಂಡ ಕೂಡಲೇ ಅಲ್ಲೇ ಕೂತುಬಿಡುತ್ತಾನೆ, ಎಳೆದರೂ ಏಳಲ್ಲ. ಆ ಅಣ್ಣ ಪೂರ್ತಿ ಕಥೆ ಕೇಳಿದ್ದಾರೆ. ಉಪ್ಪು ಖಾರ ಹಚ್ಚದೆ ನಾಲ್ಕು ಕಾಳು ಬಿಡಿಸಿ ಅಂಗೈಯಲ್ಲಿಟ್ಟು ಕೊಡುತ್ತಾರೆ, ದಿಂಡನ್ನ ಮಾತ್ರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು.